ಎಡ ಕಾರ್ನರ್‌ಗೆ ಬಂದ ಗೆಸ್ಟ್

ಕಾಟಿಪಳ್ಳದಲ್ಲಿ ನಮ್ಮ ಮನೆಯ ಹತ್ತಿರದ ಶಾಲಾ ಮೈದಾನದ ಗೇಟಿಗೆ ಪ್ರತಿ ವರ್ಷ ಕಬಡ್ಡಿ ಪಂದ್ಯಾಟದ ಸಮಯದಲ್ಲಿ ಒಂದು ದೊಡ್ಡ ಫ್ಲೆಕ್ಸ್ ಕಟ್ಟುತ್ತಾರೆ. ಮೇಲೆ ಕೆಂಪು ಅಕ್ಷರದಲ್ಲಿ ‘ನಮ್ಮ ತಂಡಕ್ಕೆ ಆಡಿದ ಹೆಮ್ಮೆಯ ಆಟಗಾರ್ತಿಯರು’ ಎಂದಿರುತ್ತದೆ. ಕೆಳಗೆ ಸಾಲಾಗಿ ಮುಖಗಳು. ಆ ಮುಖಗಳಲ್ಲಿ ಒಂದಕ್ಕೂ ತುಳು ಬರುವುದಿಲ್ಲ. ಒಬ್ಬಳು ದೇಶಕ್ಕೆ ಆಡಿದವಳು, ನಮ್ಮ ಜೆರ್ಸಿ ಹಾಕಿದ್ದು ಒಂದೇ ದಿನ. ಇನ್ನೊಬ್ಬಳು ಸೆಮಿಫೈನಲಿಗೆ ಬಂದು, ಆಡಿ, ಬೆವರು ಒರೆಸುವ ಮೊದಲೇ ಕಾರು ಹತ್ತಿದವಳು. ಮತ್ತೊಬ್ಬಳು ಬಂದ ವರ್ಷ ಮಳೆ ಹೊಡೆದು ಪಂದ್ಯವೇ ನಿಂತುಹೋಯಿತು, ಆದರೂ ಫೋಟೊ ಉಂಟು. ವರ್ಷವಿಡೀ ಆ ಮೈದಾನದ ಧೂಳು ತಿನ್ನುವ ನಮ್ಮ ಹುಡುಗಿಯರನ್ನು ನೋಡಬೇಕಾದರೆ ಸೊಂಟ ಬಗ್ಗಿಸಬೇಕು. ತೀರ ಕೆಳಗೆ, ಐಸ್‌ಕ್ರೀಮ್ ಅಂಗಡಿಯ ಜಾಹೀರಾತಿನ ಪಕ್ಕದಲ್ಲಿ, ಅವರೆಲ್ಲರದ್ದೂ ಸೇರಿ ಒಂದು ಗುಂಪು ಫೋಟೊ. ನನಗೆ ಆ ಫ್ಲೆಕ್ಸ್ ಕಂಡರೆ ಆಗುವುದಿಲ್ಲ.

ಗೊತ್ತಿಲ್ಲದವರಿಗೆ ಹೇಳಿಬಿಡುತ್ತೇನೆ. ನಮ್ಮ ಕಡೆಯ ಪಂದ್ಯಾಟಗಳಲ್ಲಿ ಪ್ರತಿ ತಂಡಕ್ಕೂ ಇಬ್ಬರು ‘ಗೆಸ್ಟ್’ ಆಟಗಾರರಿಗೆ ಅವಕಾಶ ಕೊಡುತ್ತಾರೆ. ಊರಿನವರು ಆಡುವುದನ್ನು ನೋಡಲಿಕ್ಕೆ ಜನ ಬರುವುದಿಲ್ಲವಂತೆ. ಹಾಗಾಗಿ ಟಿವಿಯಲ್ಲಿ ಕಂಡ ಮುಖವೊಂದನ್ನು ಎಲ್ಲಿಂದಲೋ ರೈಲು ಹತ್ತಿಸಿ ತರಿಸುವುದು, ಮುನ್ನಾ ದಿನ ನಮ್ಮ ಜೆರ್ಸಿ ಕೊಡುವುದು, ಮರುದಿನ ಮೈಕಿನಲ್ಲಿ ‘ನಮ್ಮ ಹೆಮ್ಮೆಯ’ ಎಂದು ಕೂಗುವುದು. ಅವಳು ಆಡುವ ಜಾಗದಲ್ಲಿ ಅಷ್ಟು ದಿನ ಆಡುತ್ತಿದ್ದವಳು ಯಾರು, ಅವಳು ಈಗ ಎಲ್ಲಿ ಕೂತಿದ್ದಾಳೆ ಎಂದು ಮೈಕಿನವನು ಹೇಳುವುದಿಲ್ಲ. ಬಂದವಳಿಗೂ ಹೇಳುವುದಿಲ್ಲ. ಹೇಳಬಾರದು ಎಂಬುದೇ ಒಂದು ಮರ್ಯಾದೆ.

ನಾನೂ ಒಂದು ಕಾಲದಲ್ಲಿ ಎಡ ಕಾರ್ನರ್ ಆಡಿದವಳು. ಅಂಕಣದ ಎಡ ಮೂಲೆಯಲ್ಲಿ ನಿಂತು, ಒಳಗೆ ಬಂದ ರೈಡರ್ ಕಾಲು ಮುಂದಿಟ್ಟ ಕ್ಷಣಕ್ಕೆ ಹಿಮ್ಮಡಿಯ ಗಂಟು ಹಿಡಿದು ಕೆಡವುವ ಕೆಲಸ. ಜಿಲ್ಲೆಗೆ ಆಡಿದೆ. ರಾಜ್ಯದ ತಂಡದ ಆಯ್ಕೆಗೆ ಹೋದಾಗ ಅಲ್ಲಿ ಸ್ಪೋರ್ಟ್ಸ್ ಕೋಟಾದಲ್ಲಿ ಬಂದು ನಮ್ಮ ಕಾಲೇಜುಗಳ ಹಾಸ್ಟೆಲಿನಲ್ಲಿದ್ದ ಹೊರಗಿನ ಹುಡುಗಿಯರು ಸಾಲಾಗಿ ನಿಂತಿದ್ದರು. ಅವರ ಎದೆಗೆ ನಮ್ಮ ರಾಜ್ಯದ ಹೆಸರು ಹತ್ತಿತು, ನಾನು ಸ್ಟ್ಯಾಂಡ್‌ಬೈ. ಸ್ಟ್ಯಾಂಡ್‌ಬೈ ಅಂದರೆ ನೀರಿನ ಬಾಟಲಿ ಹಿಡಿದುಕೊಳ್ಳುವವಳು. ಈಗ ಬೈಕಂಪಾಡಿಯ ಒಂದು ಗೋದಾಮಿನಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ಅಲ್ಲಿ ಬಾಟಲಿಗಳ ಪೆಟ್ಟಿಗೆಗಳೇ ನನ್ನ ಸುತ್ತ. ದೇವರಿಗೆ ತಮಾಷೆ ಗೊತ್ತುಂಟು.

ನನ್ನ ಮಗಳೂ ಎಡ ಕಾರ್ನರ್. ನಾನು ಹೇಳಿದ್ದಕ್ಕಲ್ಲ, ನಾನು ಬೇಡ ಎಂದದ್ದಕ್ಕೆ ಅದೇ ಜಾಗ ಹಿಡಿದಳು. ಡಿಗ್ರಿ ಎರಡನೇ ವರ್ಷ. ಮುಂದಿನ ವರ್ಷಕ್ಕೆ ಜೂನಿಯರ್ ವಯಸ್ಸು ಮೀರುತ್ತದೆ. ಈ ಸಲದ ನಮ್ಮ ಪಂದ್ಯಾಟದ ಫೈನಲ್ ನೋಡಲಿಕ್ಕೆ ರಾಜ್ಯದ ಜೂನಿಯರ್ ಶಿಬಿರಕ್ಕೆ ಹುಡುಗಿಯರನ್ನು ಆರಿಸುವವರು ಬಂದು ಕೂರುತ್ತಾರೆ ಎಂದು ಗೊತ್ತಾದ ದಿನದಿಂದ ಅವಳು ಸರಿಯಾಗಿ ನಿದ್ರೆ ಮಾಡಲಿಲ್ಲ. ನಾನೂ ಮಾಡಲಿಲ್ಲ. ಅವರ ಕಣ್ಣಿಗೆ ಬೀಳಬೇಕು, ಅದಕ್ಕೆ ಮ್ಯಾಟಿನ ಮೇಲೆ ಇರಬೇಕು. ಅಷ್ಟೇ ನಮಗೆ ಬೇಕಾದದ್ದು.

ಶುಕ್ರವಾರ ಬೆಳಿಗ್ಗೆ ಕ್ಲಬ್ಬಿನ ಕಾರ್ಯದರ್ಶಿ ಮನೆಗೆ ಬಂದ. ಹಲ್ಲು ಕಾಣುವಷ್ಟು ನಗು.

“ಅಕ್ಕ, ಈ ಸಲ ದೊಡ್ಡ ಮೀನೇ ಸಿಕ್ಕಿತು ಮಾರಾಯ್ರೆ. ದೇಶಕ್ಕೆ ಆಡಿದವಳು. ಮೊದಲು ಇಲ್ಲೇ ನಮ್ಮ ಕಾಲೇಜಿನಲ್ಲಿ ಇದ್ದವಳು, ನಮ್ಮ ರಾಜ್ಯದ ತಂಡಕ್ಕೂ ಆಡಿದ್ದಾಳೆ. ಸಂಜೆ ಬರ್ತಾಳೆ. ಹೆಂಗಸು ಅಲ್ವಾ, ಲಾಡ್ಜಿನಲ್ಲಿ ಹಾಕ್ಲಿಕ್ಕೆ ಆಗುದಿಲ್ಲ. ನಿಮ್ಮಲ್ಲಿ ಆ ಅಟ್ಯಾಚ್ ಬಾತ್‌ರೂಮಿನ ಕೋಣೆ ಉಂಟಲ್ಲ.”

ಆ ಕೋಣೆ ನನ್ನ ಗಂಡ ಗಲ್ಫಿನಲ್ಲಿ ದುಡಿದು ಕಟ್ಟಿಸಿದ್ದು. ಅವರು ಅದರಲ್ಲಿ ಮಲಗಿದ್ದಕ್ಕಿಂತ ಊರಿನವರ ನೆಂಟರು ಮಲಗಿದ್ದೇ ಹೆಚ್ಚು.

“ಎಲ್ಲಿ ಆಡುವುದು ಅವಳು?” ಕೇಳಿದೆ.

“ಎಡ ಕಾರ್ನರ್,” ಎಂದ. ಹೇಳಿದ ಮೇಲೆಯೇ ಅವನಿಗೆ ತಾನು ಯಾರ ಮನೆಯ ಜಗಲಿಯಲ್ಲಿ ನಿಂತಿದ್ದೇನೆ ಎಂದು ನೆನಪಾದದ್ದು. ಯಾವ ಹುಡುಗಿಯ ಜಾಗ ಕಿತ್ತುಕೊಳ್ಳುತ್ತಾರೋ ಅವಳ ಮನೆಯಲ್ಲೇ ಗೆಸ್ಟಿಗೆ ಹಾಸಿಗೆ ಹಾಕಿಸುವ ಬುದ್ಧಿ ಇವರಿಗೆ ಬಿಟ್ಟು ಬೇರೆ ಯಾರಿಗೆ ಬರಬೇಕು?

“ಹಾಗಾದರೆ ನನ್ನ ಮಗಳು?”

“ಅಕ್ಕ, ನೀವೇ ಆಡಿದವರು, ನಿಮಗೆ ನಾನು ಹೇಳ್ಬೇಕಾ? ಕಪ್ಪು ಬೇಕಾ ಬೇಡ್ವಾ?”

“ಕಪ್ಪಿನಲ್ಲಿ ನಾನೆಂತ ಗಂಜಿ ಕುಡಿಯುವುದಾ? ಕಾರ್ನರ್ ಹೋದರೆ ಹೋಗಲಿ, ಅದರ ಪಕ್ಕದ ಕವರ್‌ನಲ್ಲಾದರೂ ಹಾಕು ಅವಳನ್ನು.”

“ಕವರ್‌ನಲ್ಲಿ ಜೋಡಿ ಸೆಟ್ ಆಗಿದೆ ಅಕ್ಕ. ನೋಡುವ. ಚಾನ್ಸ್ ಸಿಕ್ಕಿದ್ರೆ ಕೊನೆಗೆ ಇಳಿಸುವ.”

ನೋಡುವ ಎಂದರೆ ಇಲ್ಲ ಎಂದು ಅರ್ಥ. ನಾನು ಬಾಗಿಲು ಹಾಕಿಬಿಡಬೇಕಿತ್ತು. ಆದರೆ ಒಳಗಿನಿಂದ ಮಗಳು ಓಡಿ ಬಂದು, ಅವಳು ನಮ್ಮ ಮನೆಯಲ್ಲಿ ಇರ್ತಾಳಾ, ನಿಜವಾಗಿಯೂ ನಮ್ಮ ಮನೆಯಲ್ಲಾ ಎಂದು ಕುಣಿದಳು. ತನ್ನ ಜಾಗ ಹೋದದ್ದರ ಬೇಸರ ಮುಖದಲ್ಲಿ ಒಂದು ಗಳಿಗೆ ಬಂತು, ಹೋಯಿತು. ನನಗೆ ಅವಳ ಮೇಲೂ ಸಿಟ್ಟು ಬಂತು. ಈ ವಯಸ್ಸಿನವರಿಗೆ ಮಾನ ಅಭಿಮಾನ ಎಂತದೂ ಇಲ್ಲ.

ಸಂಜೆ ಬಂದಳು. ಮೂವತ್ತರ ಆಚೀಚೆ, ಉದ್ದ ಆಳು, ಭುಜಕ್ಕೆ ಒಂದು ಚೀಲ. ಹರಿಯಾಣದವಳು. ಕಾಲೇಜಿನಲ್ಲಿದ್ದಾಗ ಕಲಿತ ಮುರುಕು ಕನ್ನಡ ಇನ್ನೂ ಇತ್ತು. ಬಂದವಳೇ ನನ್ನ ಅತ್ತೆಯ ಕಾಲು ಮುಟ್ಟಿದಳು, ಅತ್ತೆ ಅಲ್ಲಿಗೇ ಕರಗಿಹೋದರು. ನನ್ನನ್ನು ‘ಆಂಟಿ’ ಎಂದಳು. ನನಗೂ ಅವಳಿಗೂ ವಯಸ್ಸಿನಲ್ಲಿ ಅಂಥ ವ್ಯತ್ಯಾಸವೇನೂ ಇಲ್ಲ. ಗಲ್ಫಿನಿಂದ ವೀಡಿಯೊ ಕಾಲ್ ಮಾಡಿದ ಗಂಡ, ಮಗಳು ಆಡುತ್ತಾಳಾ ಎಂದು ಕೇಳಲಿಲ್ಲ. ಒಮ್ಮೆ ಅವಳನ್ನು ತೋರಿಸು, ಇಲ್ಲಿ ರೂಮಿನಲ್ಲಿರುವವರು ನಂಬುವುದಿಲ್ಲ ಎಂದರು. ನಾನು ಫೋನು ಅತ್ತೆಯ ಕೈಗೆ ಕೊಟ್ಟು ಒಳಗೆ ಹೋದೆ.

ಅವಳು ಮೀನು ತಿನ್ನುವುದಿಲ್ಲ ಎಂದು ಕಾರ್ಯದರ್ಶಿ ಮೊದಲೇ ಹೇಳಿದ್ದ. ನಾನು ಬಂಗುಡೆ ತರಿಸಿದೆ. ಹುಳಿ ಮೆಣಸು ಹಾಕಿ, ಮನೆಯ ಮೂಲೆ ಮೂಲೆಗೂ ವಾಸನೆ ಹೋಗುವಂತೆ ಕುದಿಸಿದೆ. ಅವಳಿಗೆ ಬಡಿಸಿದ್ದು ಕುಚ್ಚಲಕ್ಕಿ ಅನ್ನ, ಮೊಸರು, ಉಪ್ಪಿನಕಾಯಿ. ಸೌಟನ್ನು ಪಾತ್ರೆಗೆ ಬೇಕಾದ್ದಕ್ಕಿಂತ ಜೋರಾಗಿಯೇ ಕುಟ್ಟಿದೆ. ಬಾಯಿಯಿಂದ ಒಂದು ಕೆಟ್ಟ ಮಾತು ಬರಲಿಲ್ಲ, ಒಳ್ಳೆಯದೂ ಬರಲಿಲ್ಲ. ಅವಳು ತಲೆ ತಗ್ಗಿಸಿ ತಿಂದು, ತನ್ನ ತಟ್ಟೆ ತಾನೇ ತೊಳೆದಿಟ್ಟಳು. ಅದೂ ನನಗೆ ಸರಿಬರಲಿಲ್ಲ.

ಶನಿವಾರ ಲೀಗ್ ಪಂದ್ಯಗಳು. ದೇರೆಬೈಲಿನ ಒಂದು ತಂಡವನ್ನೂ ಇನ್ನೆರಡು ತಂಡಗಳನ್ನೂ ನಮ್ಮವರು ಮಣ್ಣು ಮುಕ್ಕಿಸಿದರು. ನಮ್ಮವರು ಅಂದರೆ ಅವಳು. ಸುಳ್ಳು ಹೇಳುವುದಿಲ್ಲ, ಅವಳ ಆಟ ನೋಡಿ ನನ್ನ ಹೊಟ್ಟೆ ಉರಿಯಿತು. ರೈಡರ್ ಬಂದರೆ ಇವಳು ಹಿಂದೆ ಸರಿಯುವುದು, ಹೆದರಿದವಳ ಹಾಗೆ ಕಾಣುವುದು, ಆ ರೈಡರ್ ಧೈರ್ಯ ಮಾಡಿ ಇನ್ನೊಂದು ಹೆಜ್ಜೆ ಇಟ್ಟದ್ದೇ ತಡ ಕಾಲು ಇವಳ ಕೈಯಲ್ಲಿ. ನಾನು ಇಪ್ಪತ್ತರಲ್ಲಿ ಮಾಡಬೇಕೆಂದು ಒದ್ದಾಡಿದ್ದನ್ನು ಅವಳು ಆಕಳಿಸಿದಷ್ಟು ಸುಲಭವಾಗಿ ಮಾಡುತ್ತಿದ್ದಳು. ನನ್ನ ಮಗಳು ಬೆಂಚಿನಲ್ಲಿ ಕೂತು ಚಪ್ಪಾಳೆ ತಟ್ಟುತ್ತಿದ್ದಳು. ಒಂದು ನಿಮಿಷವೂ ಇಳಿಸಲಿಲ್ಲ ಅವಳನ್ನು.

ಮನೆಗೆ ಬಂದ ಮೇಲೆ ಅಂಗಳದಲ್ಲಿ ಇಬ್ಬರೂ ಆಡಲಿಕ್ಕೆ ಶುರುಮಾಡಿದರು. ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಮಂಡಿ ಇನ್ನಷ್ಟು ಬಗ್ಗಿಸು, ರೈಡರಿನ ಸೊಂಟ ನೋಡು, ಕಾಲು ನೋಡಬೇಡ ಎಂದು ಅವಳು ಹೇಳಿಕೊಡುತ್ತಿದ್ದಳು. ನಾನು ಇದನ್ನೇ ಹೇಳಿ ಹೇಳಿ ಬಾಯಿ ಒಣಗಿಸಿಕೊಂಡಿದ್ದೇನೆ. ಆಗೆಲ್ಲ, ಅಮ್ಮ ಅದು ನಿಮ್ಮ ಕಾಲದ ಆಟ, ಈಗ ಹಾಗೆ ಆಡುವುದಿಲ್ಲ ಎಂದು ಮಗಳು ತಲೆ ಕೊಡವಿದ್ದಾಳೆ. ಈಗ ನೋಡಿದರೆ ಹೂಂ ಅಕ್ಕ, ಹೂಂ ಅಕ್ಕ ಎಂದು ಮಂಡಿ ಬಗ್ಗಿಸುತ್ತಿದ್ದಾಳೆ. ನನ್ನ ಜಾಗ, ಮಗಳ ಜಾಗ ಆಯಿತು, ಈಗ ತಾಯಿಯ ಜಾಗವನ್ನೂ ಇಟ್ಟುಕೊಳ್ಳಲಿ ಎಂದು ನನಗೆ ಮೈಯೆಲ್ಲ ಉರಿಯಿತು.

ಊಟಕ್ಕೆ ಕೂತಾಗ ಅವಳು ಮಗಳ ಬೆನ್ನು ತಟ್ಟಿ ನನ್ನ ಕಡೆ ನೋಡಿದಳು. “ಇವಳ ಹಿಡಿತ ಚೆನ್ನಾಗಿ ಉಂಟು ಆಂಟಿ. ನಾಳೆ ಯಾಕೆ ಆಡುದಿಲ್ಲ ಇವಳು?”

ಕೈಯಲ್ಲಿದ್ದ ಪಾತ್ರೆಯನ್ನು ಮೇಜಿನ ಮೇಲೆ ಕುಕ್ಕಿದೆ.

“ಯಾಕೆ ಅಂತ ನನ್ನ ಹತ್ರ ಕೇಳ್ತೀಯಾ? ನೀನು ಬಂದೆಯಲ್ಲ, ಅದಕ್ಕೆ. ನೀನು ನಿಂತದ್ದು ಇವಳ ಜಾಗದಲ್ಲಿ. ನಾಳೆ ಸೆಲೆಕ್ಟರುಗಳು ಬರ್ತಾರೆ, ಇವಳಿಗೆ ಇದು ಕೊನೆಯ ವರ್ಷ. ನಿನಗೆಂತ, ನಾಡಿದ್ದು ರೈಲು ಹತ್ತಿ ಹೋಗ್ತಿ. ಇವಳು ಎಲ್ಲಿಗೆ ಹೋಗ್ಬೇಕು?”

ಅವಳು ಬಾಯಿಗೆ ಒಯ್ಯುತ್ತಿದ್ದ ತುತ್ತನ್ನು ತಟ್ಟೆಗೆ ಬಿಟ್ಟಳು. ಯಾರೂ ಅವಳಿಗೆ ಹೇಳಿರಲಿಲ್ಲ. ಮಗಳ ಕಡೆ ತಿರುಗಿ, “ನಿನ್ನ ಜಾಗವಾ?” ಎಂದು ಕೇಳಿದಳು.

“ಹಾಗೇನಿಲ್ಲ ಅಕ್ಕ, ಅಮ್ಮ ಸುಮ್ಮನೆ ಎಂತದೋ ಹೇಳ್ತಾರೆ,” ಎಂದು ಮಗಳು ಎದ್ದು ಕೈತೊಳೆದು ನನ್ನ ಹಿಂದೆಯೇ ಅಡುಗೆಮನೆಗೆ ಬಂದಳು. ಕಣ್ಣು ತುಂಬಿತ್ತು, ಆದರೆ ಅದು ಅಳುವಲ್ಲ, ಸಿಟ್ಟು.

“ನನ್ನ ಮರ್ಯಾದೆ ತೆಗೆದಿ ನೀನು. ನಾನು ಆಡಿ ತಗೊಳ್ತೇನೆ ನನ್ನ ಜಾಗ. ನೀನು ಬೇಡಿ ತಂದುಕೊಟ್ಟರೆ ನನಗೆ ಬೇಡ. ಶಿಬಿರಕ್ಕೂ ಹೋಗುದಿಲ್ಲ ನಾನು, ಕಬಡ್ಡಿಯೇ ಬಿಡ್ತೇನೆ.”

“ನಾನು ಬೇಡಿದ್ದಲ್ಲ, ಬೈದದ್ದು,” ಎಂದೆ.

“ಎರಡೂ ಒಂದೇ,” ಎಂದು ಹೋಗಿ ಬಾಗಿಲು ಹಾಕಿಕೊಂಡಳು. ಅವಳಿಗೆ ಆ ಸಿಟ್ಟು ಎಲ್ಲಿಂದ ಬಂತು ಎಂದು ನಾನು ಯಾರನ್ನೂ ಕೇಳಬೇಕಾಗಿಲ್ಲ. ಹೇಳಿದ್ದನ್ನು ಮಾಡಿಯೇ ತೀರುವ ಪೈಕಿ ಅವಳು.

ಭಾನುವಾರ ಮಧ್ಯಾಹ್ನ ಫೈನಲ್. ಸುರತ್ಕಲ್ ಕಡೆಯ ತಂಡದ ವಿರುದ್ಧ. ಮೈದಾನದಲ್ಲಿ ಕಾಲಿಡಲಿಕ್ಕೆ ಜಾಗ ಇರಲಿಲ್ಲ. ಆರಿಸುವವರು ಮುಂದಿನ ಸಾಲಿನ ಕುರ್ಚಿಗಳಲ್ಲಿ ಎಳನೀರು ಹೀರುತ್ತ ಕೂತಿದ್ದರು. ಮೊದಲರ್ಧದಲ್ಲಿ ಗೆಸ್ಟ್ ಒಬ್ಬಳೇ ಎದುರಾಳಿಗಳನ್ನು ಹಿಂಡಿ ಹಾಕಿದಳು. ಮೈಕಿನವನ ಗಂಟಲು ಕಟ್ಟಿತು. ನಾವು ಸಾಕಷ್ಟು ಮುಂದಿದ್ದೆವು. ನಾನು ಗ್ಯಾಲರಿಯಲ್ಲಿ ಹಲ್ಲು ಕಚ್ಚಿಕೊಂಡು ಕೂತಿದ್ದೆ. ನಮ್ಮ ತಂಡ ಗೆಲ್ಲುತ್ತಿದ್ದರೂ ನನಗೆ ಸೋತವಳ ಮುಖವೇ ಇದ್ದಿರಬೇಕು.

ಎರಡನೇ ಅರ್ಧ ಶುರುವಾಗಿ ಸ್ವಲ್ಪ ಹೊತ್ತಿಗೆ ಒಂದು ರೈಡ್. ಅವಳು ಹಿಡಿಯಲಿಕ್ಕೆ ಹೋದಳು, ರೈಡರ್ ತಪ್ಪಿಸಿಕೊಂಡಳು, ಇವಳು ಮ್ಯಾಟಿನ ಮೇಲೆ ಬಿದ್ದಳು. ಎದ್ದೇಳಲಿಲ್ಲ. ಜನ ‘ಅಯ್ಯೋ’ ಎಂದು ಎದ್ದು ನಿಂತರು. ನಾನೂ ಎದ್ದು ನಿಂತೆ, ಸರಿಯಾಗಿ ನೋಡಿದೆ. ನಿಜವಾಗಿ ಕಾಲು ಉಳುಕಿದವಳು ಮೊದಲು ಕಾಲು ಹಿಡಿದುಕೊಳ್ಳುತ್ತಾಳೆ, ಆಮೇಲೆ ಸುತ್ತ ನೋಡುತ್ತಾಳೆ. ನನಗೆ ಎರಡು ಸಲ ಆಗಿದೆ, ಗೊತ್ತುಂಟು. ಇವಳು ಮೊದಲು ನಮ್ಮ ಬೆಂಚಿನ ಕಡೆ ನೋಡಿದಳು. ಆಮೇಲೆ ಕಾಲು ಹಿಡಿದುಕೊಂಡಳು.

ಕಾರ್ಯದರ್ಶಿ ತಲೆ ಚಚ್ಚಿಕೊಂಡ. ಇಬ್ಬರು ಅವಳ ತೋಳು ಹಿಡಿದು ಹೊರಗೆ ತಂದರು. ಬೇರೆ ಎಡ ಕಾರ್ನರ್ ಇರಲಿಲ್ಲ, ಮಗಳನ್ನು ಇಳಿಸಲೇಬೇಕಾಯಿತು.

ಇಳಿದ ಮೊದಲ ರೈಡಿನಲ್ಲೇ ಮಗಳು ಔಟ್. ನನ್ನ ಹಿಂದೆ ಕೂತಿದ್ದ ಒಬ್ಬ, “ತೆಗೀರಿ ಮಾರಾಯ್ರೆ ಅವಳನ್ನು, ಕೋಳಿ ಹಿಡಿಯಲಿಕ್ಕೂ ಬರುದಿಲ್ಲ!” ಎಂದು ಕೂಗಿದ. ತಿರುಗಿ, ಬಾ, ನೀನೇ ಇಳಿ, ನಿನ್ನ ಹೊಟ್ಟೆ ಗೆರೆ ದಾಟುತ್ತದಾ ನೋಡುವ ಎಂದೆ. ಅವನು ಜಾಗ ಬದಲಿಸಿದ. ಮಗಳು ಮತ್ತೆ ಒಳಗೆ ಬಂದ ಮೇಲೆ ಒಂದು ಹಿಡಿದಳು. ಅಂಗಳದಲ್ಲಿ ಕಲಿತದ್ದೇ, ಹಿಂದೆ ಸರಿದು, ಕಾದು, ಗಂಟಿಗೆ ಕೈ. ಆಮೇಲೆ ನಮ್ಮವರು ಮೂವರೇ ಉಳಿದಿದ್ದಾಗ ಎದುರಿನವರ ದೊಡ್ಡ ರೈಡರನ್ನು ಒಬ್ಬಳೇ ನೆಲಕ್ಕೆ ಹಾಕಿದಳು. ಎಳನೀರು ಹೀರುತ್ತಿದ್ದವರಲ್ಲಿ ಒಬ್ಬ ಸ್ಟ್ರಾ ಬಾಯಿಂದ ತೆಗೆದದ್ದನ್ನು ನಾನು ಕಣ್ಣಾರೆ ನೋಡಿದೆ. ಆದರೂ ನಮ್ಮ ಮುನ್ನಡೆ ಕರಗುತ್ತ ಹೋಗಿ, ಕೊನೆಗೆ ನಾವು ಸ್ವಲ್ಪದರಲ್ಲಿ ಸೋತೆವು.

ಆ ಸಂಜೆ ಊರಿಗೆ ಊರೇ ನಮ್ಮ ಮೇಲೆ ಮುನಿದುಕೊಂಡಿತು. ಅವಳ ಕಾಲು ಹೋಗದಿದ್ದರೆ ಕಪ್ಪು ನಮ್ಮದೇ ಎಂದು ಅಂಗಡಿ ಅಂಗಡಿಯಲ್ಲಿ ಮಾತು. ಕಾರ್ಯದರ್ಶಿ ನನ್ನನ್ನು ಕಂಡು ಮುಖ ತಿರುಗಿಸಿದ. ಮಗಳು ಹಿಡಿದ ಎರಡು ಹಿಡಿತದ ಬಗ್ಗೆ ಒಬ್ಬನೂ ಬಾಯಿ ಬಿಡಲಿಲ್ಲ. ಆರಿಸುವವರು ಮಾತ್ರ ಹೊರಡುವ ಮೊದಲು ಅವಳನ್ನು ಕರೆದು ಶಿಬಿರಕ್ಕೆ ಬರಲಿಕ್ಕೆ ಹೇಳಿದರು.

ಸೋಮವಾರ ಬೆಳಿಗ್ಗೆ ಗೆಸ್ಟನ್ನು ಸುರತ್ಕಲ್ ಸ್ಟೇಷನಿಗೆ ಬಿಡಲಿಕ್ಕೆ ಕ್ಲಬ್ಬಿನಿಂದ ಯಾರೂ ಬರಲಿಲ್ಲ. ಕರೆತರುವಾಗ ಕಾರು, ಕಳಿಸುವಾಗ ನನ್ನ ಸ್ಕೂಟರು. ಮಗಳೇ ಅವಳ ಕಾಲಿಗೆ ಬ್ಯಾಂಡೇಜು ಸುತ್ತಿ, ಗೇಟಿನ ತನಕ ಹೆಗಲು ಕೊಟ್ಟು ಕರೆತಂದು ಹಿಂದೆ ಕೂರಿಸಿದ್ದಳು. ಸ್ಟೇಷನಿನಲ್ಲಿ ಇಳಿದವಳು ಚೀಲ ಹೆಗಲಿಗೇರಿಸಿ ಪ್ಲಾಟ್‌ಫಾರ್ಮಿಗೆ ಸರಸರ ನಡೆದಳು. ನಾನು ಹಿಂದೆ ಹೋಗಿ ಅಡ್ಡ ನಿಂತೆ.

“ನಿನಗೆಂತ ಆಗಿರಲಿಲ್ಲ ಅಲ್ವಾ?”

“ಇಲ್ಲ.”

“ನನ್ನ ಮಗಳಿಗೆ ನೀನು ದಾನ ಮಾಡಿದ್ದಾ?”

ಅವಳ ಮುಖ ಮೊದಲ ಸಲ ಬಿಗಿಯಾಯಿತು. “ದಾನ ಅಲ್ಲ ಆಂಟಿ. ನಾನು ತುಂಬ ಮನೆಯಲ್ಲಿ ಊಟ ಮಾಡಿದ್ದೇನೆ. ಎಲ್ಲ ಟೀಮಿನಲ್ಲೂ ನನ್ನಿಂದ ಹೊರಗೆ ಕೂತ ಒಂದು ಹುಡುಗಿ ಇರ್ತಾಳೆ, ಗೊತ್ತುಂಟು ನನಗೆ. ನಾನು ಅವಳ ಮುಖ ನೋಡುದಿಲ್ಲ. ನೋಡಿದ್ರೆ ಆಡ್ಲಿಕ್ಕೆ ಆಗುದಿಲ್ಲ. ನಿಮ್ಮ ಮನೆಯಲ್ಲಿ ಅವಳು ನನ್ನ ಪಕ್ಕದಲ್ಲೇ ಕೂತು ಅನ್ನ ತಿಂದಳು. ನೀವು ಹೇಳಿದ ಮೇಲೆ ನನಗೆ ಅನ್ನ ಇಳಿಲಿಲ್ಲ.”

ನನ್ನ ಕೋಪ ಇಳಿಯಲಿಲ್ಲ. ಇನ್ನೂ ಹೆಚ್ಚಾಯಿತು. ನನಗೆ ಬೇಕಾದದ್ದೇ ಆಗಿತ್ತು, ಆದರೆ ಅವಳ ಕೈಯಿಂದ ಆಗಿತ್ತು.

“ಇನ್ನು ನನ್ನನ್ನು ಯಾರೂ ಕರೆಯುದಿಲ್ಲ,” ಎಂದಳು. “ಕಾಲು ಹೋಗಿದೆ ಅಂತ ಎಲ್ಲ ಕಡೆ ಗೊತ್ತಾಗ್ತದೆ. ಇರ್ಲಿ. ಅವಳಿಗೆ ಹೇಳ್ಬೇಡಿ ನೀವು. ಹೇಳಿದ್ರೆ ಅವಳು ಕಬಡ್ಡಿ ಬಿಡ್ತಾಳೆ, ಆ ರಾತ್ರಿ ನನಗೂ ಕೇಳ್ತಿತ್ತು.”

ರೈಲು ಬಂತು. ನಾನು ಧನ್ಯವಾದ ಹೇಳಲಿಲ್ಲ, ಅವಳೂ ಕಾಯಲಿಲ್ಲ. ಮೆಟ್ಟಿಲು ಹತ್ತುವಾಗ ಮಾತ್ರ, ಯಾರಾದರೂ ನೋಡುತ್ತಾರೇನೋ ಎಂದು, ಸ್ವಲ್ಪ ಕುಂಟಿದಳು.

ಮಗಳು ಶಿಬಿರಕ್ಕೆ ಹೋದಳು, ರಾಜ್ಯದ ಜೂನಿಯರ್ ತಂಡಕ್ಕೂ ಆಯ್ಕೆಯಾದಳು. ಈಗ ನಮ್ಮ ಕ್ಲಬ್ಬಿನವರಿಗೆ ಅವಳು ಊರಿನ ಹೆಮ್ಮೆ. ಕಾರ್ಯದರ್ಶಿ ಹಾರ ಹಿಡಿದುಕೊಂಡು ಅದೇ ಹಲ್ಲು ತೋರಿಸುತ್ತ ಮನೆಗೆ ಬಂದ. ಹಾರವನ್ನು ಮಗಳು ತೆಗೆದುಕೊಂಡಳು, ನಾನು ಅವನಿಗೆ ಒಂದು ಲೋಟ ನೀರೂ ಕೊಡಲಿಲ್ಲ. ಸನ್ಮಾನದ ದಿನ ಮೈಕು ಕೈಗೆ ಕೊಟ್ಟಾಗ ಮಗಳು, ಆ ದಿನ ಅಕ್ಕನ ಕಾಲು ಉಳುಕಿದ್ದು ನನ್ನ ಭಾಗ್ಯ, ಆದರೆ ಹಿಡಿದದ್ದು ನಾನೇ ಎಂದಳು. ಜನ ಚಪ್ಪಾಳೆ ತಟ್ಟಿದರು. ನಾನು ಮುಂದಿನ ಸಾಲಿನಲ್ಲಿ ಸೆರಗು ಹಿಂಡುತ್ತ ಕೂತಿದ್ದೆ. ಹಿಡಿದದ್ದು ಅವಳೇ, ಅದರಲ್ಲಿ ಸುಳ್ಳಿಲ್ಲ.

ಈಗಲೂ ಭಾನುವಾರ ಬಂದರೆ ಮಗಳು ಹರಿಯಾಣದವಳಿಗೆ ಫೋನು ಮಾಡುತ್ತಾಳೆ. ಸ್ಪೀಕರಿಗೆ ಹಾಕಿ, ಮೊದಲು ಕೇಳುವುದೇ ಕಾಲಿನ ವಿಷಯ. ಅವಳನ್ನು ಈ ವರ್ಷ ಎಲ್ಲಿಗೂ ಕರೆದಿಲ್ಲವಂತೆ. ಹಾಗೆಂದು ಅವಳು ಹೇಳಿಕೊಳ್ಳುವುದಿಲ್ಲ, ಮಗಳು ಕೇಳಿ ಕೇಳಿ ಬಾಯಿ ಬಿಡಿಸಿದ್ದು. ಕಳೆದ ವಾರ ನಾನು ಕೊತ್ತಂಬರಿ ಸೊಪ್ಪು ಬಿಡಿಸುತ್ತ ಕೂತಿದ್ದೆ.

“ಇನ್ನೂ ನೋವುಂಟಾ ಅಕ್ಕ?” ಮಗಳು ಕೇಳಿದಳು.

“ಉಂಟು ಮಾರಾಯ್ತಿ. ಚಳಿಗೆ ಸ್ವಲ್ಪ ಜಾಸ್ತಿ.”

ಮಗಳು ಫೋನನ್ನು ನನ್ನ ಮುಖಕ್ಕೆ ಹಿಡಿದಳು. “ಅಮ್ಮ, ನೀನೂ ಒಂದು ಮಾತು ಹೇಳು. ಒಂದು ದಿನವಾದರೂ ನೆಟ್ಟಗೆ ಮಾತಾಡಿದ್ದುಂಟಾ ನೀನು ಅವರ ಹತ್ರ?”

ಮಗಳು ನನ್ನನ್ನೇ ನೋಡುತ್ತಿದ್ದಳು.

“ಬಿಸಿ ಎಣ್ಣೆ ಹಚ್ಚು,” ಎಂದೆ. “ದಿನಾ ಹಚ್ಚಿದರೆ ಕಡಿಮೆ ಆಗ್ತದೆ.”

“ಹಚ್ತಾ ಇದ್ದೇನೆ ಆಂಟಿ,” ಎಂದಳು ಅವಳು.